ಒಂದು ದಿನ ಮುಂಚೆ

ನನ್ನದೊಂದು ಅಭ್ಯಾಸವಿದೆ, ಹೇಳಿದರೆ ನೀವು ನಗಬಹುದು. ಹೊಸ ಜಾಗಕ್ಕೆ ಹೋಗಬೇಕಾದರೆ ನಾನು ಎರಡು ಸಲ ಹೋಗುತ್ತೇನೆ. ಮೊದಲ ದಿನ ಸುಮ್ಮನೆ, ಮರುದಿನ ನಿಜವಾಗಿ. ದಂತವೈದ್ಯರ ಕ್ಲಿನಿಕ್ಕಾಗಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಾಗಲಿ, ಹಿಂದಿನ ದಿನವೇ ಕಾರಿನಲ್ಲಿ ಹೋಗಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನೋಡಿ ಬರುತ್ತೇನೆ. ಫೋನೇ ದಾರಿ ಹೇಳುತ್ತದಲ್ಲ ಎನ್ನುತ್ತೀರಿ. ಹೇಳುತ್ತದೆ. ಆದರೆ ಬಾಗಿಲು ತೆರೆದವರಿಗೆ ನಾನೇನು ಹೇಳಬೇಕೆಂದು ಅದು ಹೇಳುವುದಿಲ್ಲ. ಅದನ್ನು ಕಾರಿನೊಳಗೇ ಎರಡು ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿಕೊಳ್ಳಬೇಕು. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್ಲಿನಲ್ಲಿ ಒಬ್ಬಳೇ ಇರುವ ನನಗೆ ಶುಕ್ರವಾರ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರದವರೆಗೆ ಬಾಯಿ ತೆರೆಯಲು ಕಾರಣವೇ ಇರುವುದಿಲ್ಲ. ಗಂಟಲಿಗೂ ಸ್ವಲ್ಪ ತಯಾರಿ ಬೇಕು.

ಇದು ಹೊಟ್ಟೆಪಾಡಿನ ದೋಷವೂ ಇದ್ದೀತು. ಬೇರೆಯವರು ಬರೆದ ಸಾಫ್ಟ್‌ವೇರನ್ನು ಜನರ ಕೈಗೆ ಹೋಗುವ ಮುಂಚೆ ಟೆಸ್ಟ್ ಮಾಡುವುದು ನನ್ನ ಕೆಲಸ. ಎಲ್ಲಿ ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಆದರೆ ತಪ್ಪನ್ನೆಲ್ಲ ಉದ್ಯೋಗದ ತಲೆಗೆ ಕಟ್ಟಲಾರೆ. ಮೈಸೂರಿನ ನಮ್ಮಜ್ಜಿ, ಪ್ರಯಾಣದ ದಿನ ಚೆನ್ನಾಗಿಲ್ಲವೆಂದು ಪಂಚಾಂಗ ಹೇಳಿದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ ಒಂದು ಕೈಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಿದ್ದಳು. ಅದಕ್ಕೆ ‘ಪ್ರಸ್ಥಾನ’ ಎಂದು ಹೆಸರು. ಚೀಲ ಹೊರಟಿತೆಂದರೆ ಅಜ್ಜಿಯೂ ಹೊರಟಂತೆ ಲೆಕ್ಕ. ಅಜ್ಜಿ ಮಾತ್ರ ಇನ್ನೂ ಎರಡು ದಿನ ಮನೆಯಲ್ಲೇ ಹುಳಿ ಕುದಿಸಿಕೊಂಡು ಇರುತ್ತಿದ್ದಳು. ನಾನು ಚೀಲದ ಬದಲು ನನ್ನನ್ನೇ ಕಳಿಸುತ್ತೇನೆ, ಅಷ್ಟೇ ವ್ಯತ್ಯಾಸ.

ಕಳೆದ ವಸಂತದಲ್ಲಿ ಹೀಗೆ ನನ್ನನ್ನು ಹ್ಯೂಸ್ಟನ್ನಿಗೆ ಕಳಿಸಿಕೊಂಡೆ.

ಅಲ್ಲಿ ಗಿರಿಜಾ ಇದ್ದಾಳೆ, ಹುಬ್ಬಳ್ಳಿಯವಳು. ಇಬ್ಬರೂ ಈ ದೇಶಕ್ಕೆ ಹೊಸದಾಗಿ ಬಂದಾಗ ಆಸ್ಟಿನ್ನಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷ ಇದ್ದೆವು. ಆಮೇಲೆ ಅವಳು ಮದುವೆಯಾಗಿ ಹ್ಯೂಸ್ಟನ್ನಿಗೆ ಹೋದಳು. ನಾನೂ ಮದುವೆಯಾದೆ, ಆದರೆ ಅದು ಉಳಿಯಲಿಲ್ಲ. ಡಿವೋರ್ಸಿನ ಕಾಗದಕ್ಕೆ ಸಹಿ ಹಾಕಿದ ದಿನ ಅವಳಿಗೆ ಫೋನ್ ಮಾಡಿದ್ದೆ. ಎಲ್ಲ ಕೇಳಿ, “ನೀ ಸ್ವಲ್ಪ ಹೊಂದ್ಕೊಂಡಿದ್ರ ಆಗ್ತಿತ್ತು” ಎಂದಳು. ನಾನು ಫೋನ್ ಇಟ್ಟೆ. ಒಂಬತ್ತು ವರ್ಷ ಇಟ್ಟೇ ಇದ್ದೆ.

ಅವಳ ಗಂಡ ತೀರಿಹೋದ ಸುದ್ದಿ ನನಗೆ ತಿಳಿದದ್ದು ಎರಡು ತಿಂಗಳು ತಡವಾಗಿ, ಡಲ್ಲಾಸ್ ಕಡೆಯ ಮರ್ಫಿಯಲ್ಲಿರುವ ಆಂಟಿಯೊಬ್ಬರಿಂದ. ನಾಲ್ಕು ಸಲ ಬರೆದು ಅಳಿಸಿ ಒಂದು ಸಾಲಿನ ಮೆಸೇಜ್ ಕಳಿಸಿದೆ. ಅವಳಿಂದ ಥ್ಯಾಂಕ್ಸ್ ಎಂದಷ್ಟೇ ಬಂತು. ಮತ್ತೆ ಕೆಲವು ತಿಂಗಳಾದ ಮೇಲೆ, ಒಂದು ಶನಿವಾರ ಊಟಕ್ಕೆ ಬಾ ಎಂದು ತಾನಾಗಿಯೇ ಬರೆದಳು.

ನಾನು ಶುಕ್ರವಾರ ರಜೆ ಹಾಕಿ ಹೊರಟೆ. ಹೆಚ್ಚುಕಡಿಮೆ ಮೂರು ಗಂಟೆಯ ದಾರಿ. ಸುತ್ತಾದರೂ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ರಸ್ತೆಗೆ ಹೋಗಿ ನಾಳೆ ಸಿಹಿ ಕೊಳ್ಳುವ ಅಂಗಡಿಯನ್ನು ಗುರುತು ಮಾಡಿಕೊಂಡೆ. ಕೊಳ್ಳಲಿಲ್ಲ, ಅದು ನಾಳೆಯ ಕೆಲಸ. ಮಧ್ಯಾಹ್ನದ ಹೊತ್ತಿಗೆ ಅವಳ ಮನೆಯೆದುರು ರಸ್ತೆಯ ಆಚೆ ಬದಿಗೆ ಕಾರು ನಿಲ್ಲಿಸಿ ತಾಲೀಮು ಶುರು ಮಾಡಿದೆ. “ಹೇಗಿದೀಯ ಗಿರಿಜಾ” ಎಂದೆ. ಬಹಳ ಸಲೀಸಾಯಿತು. “ಬರೋದಕ್ಕೆ ತಡ ಮಾಡ್ದೆ ಕಣೇ” ಎಂದು ನೋಡಿದೆ. ಇದು ಮೊದಲ ಸಲಕ್ಕೆ ಸರಿ ಬರಲಿಲ್ಲ. ಇನ್ನೊಂದು ಸಲ ಹೇಳೋಣವೆಂದು ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಕಿಟಕಿಯ ಹೊರಗೆ ಗಿರಿಜಾ ನಿಂತಿದ್ದಳು. ಹಳೆಯ ನೈಟಿ, ತಲೆತುಂಬ ಹಚ್ಚಿದ ಬಣ್ಣ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ಖಾಲಿಯಾದ ಕಸದ ಡಬ್ಬಿಯನ್ನು ಒಳಗೆ ಎಳೆದುಕೊಳ್ಳಲು ಬಂದವಳು ನನ್ನನ್ನು ಕಂಡು ರಸ್ತೆ ದಾಟಿದ್ದಳಂತೆ.

ಗಾಜು ಇಳಿಸಿದೆ.

“ನಾಳೆ ಅಲ್ಲೇನ ನೀ ಬರೋದು?”

“ನಾಳೆನೇ. ಇವತ್ತು ದಾರಿ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಆಸ್ಟಿನ್ನಿಂದ?”

ಹೌದೆಂದೆ. ಅವಳು ತಲೆಯ ಮೇಲಿನ ಪ್ಲಾಸ್ಟಿಕ್ ಚೀಲ ಸರಿಮಾಡಿಕೊಂಡಳು. “ಒಳಗ ಬಾ. ಈ ಬಣ್ಣ ಹತ್ತು ನಿಮಿಷದಾಗ ತೊಳೀಬೇಕು” ಎಂದಳು.

ಒಳಗೆ ಏನೂ ಸಿದ್ಧವಿರಲಿಲ್ಲ. ಸೋಫಾದ ಮೇಲೆ ಮಡಿಸದ ಬಟ್ಟೆ, ಒಲೆಯ ಮೇಲೆ ನಿನ್ನೆಯ ಅನ್ನ. ಸಿಂಕಿನಲ್ಲಿ ಬಗ್ಗಿದ ಅವಳ ತಲೆಗೆ ನಾನು ನೀರು ಹಾಕಿದೆ. ಆಸ್ಟಿನ್ನಿನಲ್ಲಿ ಇಬ್ಬರ ತಲೆಯಲ್ಲೂ ಕಪ್ಪು ಕೂದಲೇ ಇದ್ದವು. ಮುಖ ಕೆಳಗೆ ಮಾಡಿಕೊಂಡೇ ಅವಳು, ಟೇಬಲ್ ಮೇಲಿನ ಫೋನ್ ನೋಡು ಎಂದಳು. ನೋಡಿದೆ. ನನಗೇ ಬರೆದಿಟ್ಟ, ಇನ್ನೂ ಕಳಿಸದ ಮೆಸೇಜ್ ಅದರಲ್ಲಿತ್ತು. ಜ್ವರ ಬಂದಿದೆ, ನಾಳೆ ಬೇಡ, ಇನ್ನೊಮ್ಮೆ ನೋಡೋಣ ಎಂದು.

“ಸಂಜಿಗೆ ಕಳಸಾಕಿದ್ದೆ” ಎಂದಳು. “ನೀ ಬಂದ್ರ ಏನು ಮಾತಾಡಬೇಕು ಅಂತ ತಿಳೀಲಿಲ್ಲ. ಅವತ್ತ ಹಂಗ ಅನ್ನಬಾರದಿತ್ತು ನಾ.”

ನಾನು ಕಾರಿನಲ್ಲಿ ಹೇಳಿ ನೋಡಿದ ಒಂದು ಮಾತೂ ನೆನಪಿಗೆ ಬರಲಿಲ್ಲ. ಕಿವಿಯ ಹಿಂದೆ ಬಣ್ಣ ಉಳಿದಿದೆ ಎಂದಷ್ಟೇ ಹೇಳಿ ಅಲ್ಲಿ ಉಜ್ಜಿದೆ. ಅವಳ ಬೆನ್ನು ಅಲುಗುತ್ತಿತ್ತು. ನೀರು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಾಕಿದೆ.

ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ, ಬಾಣಲೆಯಿಂದಲೇ ಇಬ್ಬರೂ ತಿಂದೆವು. ಆಸ್ಪತ್ರೆಯ ಆ ಕೊನೆಯ ವಾರವನ್ನು ಅವಳು ಮೊದಲಿನಿಂದ ಹೇಳಿದಳು. ನನ್ನ ಮನೆಯ ಭಾನುವಾರಗಳು ಹೇಗಿರುತ್ತವೆ ಎಂದು ನಾನು ಹೇಳಿದೆ. ಇದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ರಾತ್ರಿ ಅವಳದೇ ಇನ್ನೊಂದು ನೈಟಿ ಹಾಕಿಕೊಂಡು ಅಲ್ಲೇ ಮಲಗಿದೆ.

ಮರುದಿನ ಶನಿವಾರ, ನಿಜವಾದ ಊಟ. ಆಗ ನೋಡಿ ಎಡವಟ್ಟಾಯಿತು. ಅವಳು ಸೀರೆಯುಟ್ಟು, ಶೋಕೇಸಿನ ಪಿಂಗಾಣಿ ತಟ್ಟೆಗಳನ್ನು ಇಳಿಸಿ ಟೇಬಲ್ ಸಜ್ಜು ಮಾಡಿದಳು. ನಾನೂ ಅಂಗಡಿಗೆ ಓಡಿ ಸಿಹಿ ತಂದೆ. ಎದುರುಬದುರು ಕೂತ ಕೂಡಲೇ ಇಬ್ಬರೂ ನೆಂಟರಾಗಿಬಿಟ್ಟೆವು. ಹ್ಯೂಸ್ಟನ್ನಿನಲ್ಲಿ ಸೆಕೆ ಜಾಸ್ತಿ ಅಲ್ಲವೇ ಎಂದು ನಾನು ಕೇಳಿದೆ. ಆಫೀಸು ದೂರವೇ ಎಂದು ಅವಳು ಕೇಳಿದಳು.

ಗಿರಿಜಾ ಚಮಚ ಕೆಳಗಿಟ್ಟಳು.

“ನಿನ್ನೇದ ಛಲೋ ಇತ್ತಲ್ಲ?”

ಪಿಂಗಾಣಿಯನ್ನು ಎತ್ತಿ ಒಳಗಿಟ್ಟು ಎರಡು ಸ್ಟೀಲಿನ ತಟ್ಟೆ ತಂದಳು. ಒಂದು ದಿನಾ ಉಪಯೋಗಿಸುವ ತಟ್ಟೆ. ಇನ್ನೊಂದರ ಮೇಲೆ ತೆಳ್ಳಗೆ ಧೂಳು ಕೂತಿತ್ತು. ತಿಂಗಳುಗಟ್ಟಲೆ ಅದರಲ್ಲಿ ಯಾರೂ ಉಂಡಿದ್ದಂತಿರಲಿಲ್ಲ. ಅದನ್ನು ತೊಳೆದು, ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟು ಸಾರು ಬಡಿಸಿದಳು. ಸಾರು ತುಸು ಉಪ್ಪಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.