ಐದನೆಯ ಸಿನಿಮಾ ಯಾರದು

ಡಾಟ್‌ಕಾಮ್ ಭರಾಟೆಯ ದಿನಗಳಲ್ಲಿ ನಾನು ಅಮೆರಿಕದ ಎಮರಿವಿಲ್‌ನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳೆಯ ಸಿನಿಮಾಗಳನ್ನು ಡಿವಿಡಿಗೆ ಇಳಿಸುವಾಗ ಸಬ್‌ಟೈಟಲ್ ಕೂರಿಸುವುದು ನನ್ನ ಕೆಲಸ. ಒಂದು ಸಲ ಇಟಲಿಯ ಐದು ಚಿತ್ರಗಳು ಬಂದವು: ಎರಡು ಕುದುರೆ-ಬಂದೂಕಿನವು, ಎರಡು ಕೊಲೆಯವು, ಒಂದು ದೆವ್ವದ್ದು. ಐದಕ್ಕೂ ಬೇರೆ ಬೇರೆ ಅಮೆರಿಕನ್ ಹೆಸರಿನ ನಿರ್ದೇಶಕರು. ಐದೂ ತನ್ನವೇ, ಬರೆದದ್ದೂ ತಾನೇ ಎಂದು ಹತ್ತಿರದ ಡ್ಯಾನ್‌ವಿಲ್ ಊರಲ್ಲಿ ಮಗಳ ಮನೆಯಲ್ಲಿದ್ದ ಮುದುಕರೊಬ್ಬರು ಬಂದರು. ಇಟಲಿಯವನ ಹೆಸರಿದ್ದರೆ ಆಗ ಟಿಕೆಟ್ ಹೋಗುತ್ತಿರಲಿಲ್ಲವಂತೆ. ನಿರ್ಮಾಪಕರೇ ಪ್ರತಿ ಸಲ ಒಂದೊಂದು ಹೆಸರು ಅಂಟಿಸಿದ್ದರಂತೆ. ಕಣ್ಣು ಮುಚ್ಚುವ ಮೊದಲು ಸ್ವಂತ ಹೆಸರು ಹಾಕಿಸಬೇಕು ಎಂಬುದಷ್ಟೇ ಅವರ ಆಸೆ. ನಾಲ್ಕಕ್ಕೆ ಕರಾರುಪತ್ರಗಳಿದ್ದವು. ದೆವ್ವದ ಚಿತ್ರಕ್ಕೆ ಏನೂ ಇರಲಿಲ್ಲ. ನಮ್ಮ ಮ್ಯಾನೇಜರು ಒಳ್ಳೆಯವನೇ, ಆದರೂ ಪುರಾವೆ ಇಲ್ಲದೆ ಆಗದು ಎಂದ.

ಮಾತು ಕೂರಿಸಲು ಒಂದೊಂದು ದೃಶ್ಯವನ್ನೂ ಹತ್ತಾರು ಸಲ ನೋಡುವವಳು ನಾನು. ಮೂರನೆಯ ವಾರ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಚಿತ್ರಗಳಲ್ಲಿ ಯಾರೇ ಜೀವ ಉಳಿಸಿಕೊಳ್ಳಲು ಮನೆಬಿಟ್ಟು ಓಡಲಿ, ಮೊದಲು ಒಲೆ ಆರಿಸುತ್ತಾರೆ. ಕುದುರೆ ಚಿತ್ರದ ವಿಧವೆ ಕೆಂಡಕ್ಕೆ ನೀರು ಸುರಿದ ಮೇಲೇ ಬಂದೂಕು ಎತ್ತಿಕೊಂಡಳು. ದೆವ್ವದ ಚಿತ್ರದ ಅಡುಗೆಯವಳೂ ಅಷ್ಟೆ, ದೆವ್ವ ಬೆನ್ನ ಹಿಂದೆ ನಿಂತಿದ್ದರೂ ಗ್ಯಾಸ್ ಆರಿಸಿಯೇ ಓಡಿದಳು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. "ಆಫೀಸಲ್ಲೂ ಒಲೆನೇ ನೋಡ್ತಾ ಕೂತಿರ್ತೀಯೇನೇ?" ಎಂದು ನಕ್ಕರು.

ಮುಂದಿನ ಸಲ ಮುದುಕರು ಬಂದಾಗ ಮ್ಯಾನೇಜರ ಎದುರಿಗೇ, ಒಲೆಯ ಸುದ್ದಿ ಎತ್ತದೆ, ಕೇಳಿದೆ: ನಿಮ್ಮ ಚಿತ್ರಗಳಲ್ಲಿ ಮನೆಬಿಟ್ಟು ಓಡುವವರು ಮೊದಲು ಏನು ಮಾಡುತ್ತಾರೆ?

"ಒಲೆ ಆರಿಸ್ತಾರೆ," ಎಂದರು ತಟ್ಟನೆ. "ಇಲ್ಲದಿದ್ರೆ ನೋಡೋ ಹೆಂಗಸರಿಗೆ ಒಲೆದೇ ಚಿಂತೆ. ಕೊಲೆಗಾರನ್ನ ಯಾರು ನೋಡ್ತಾರೆ?"

ಎರವಲು ಕುದುರೆ, ಹಳೇ ಸೆಟ್ಟುಗಳಲ್ಲಿ ಮೂರೇ ವಾರಕ್ಕೆ ಚಿತ್ರ ಮುಗಿಸುತ್ತಿದ್ದ ಮನುಷ್ಯ ಇಷ್ಟನ್ನು ಮಾತ್ರ ಎಲ್ಲೂ ಬಿಟ್ಟಿರಲಿಲ್ಲ. ನಾನು ಐದು ದೃಶ್ಯಗಳನ್ನೂ ಒಂದರ ಹಿಂದೊಂದು ಹಾಕಿ ತೋರಿಸಿದೆ. ಮ್ಯಾನೇಜರು ಒಪ್ಪಿದ. ಆಮೇಲೆ ಸಂಕೋಚದಿಂದಲೇ, ಈ ದೆವ್ವದ್ದು ತೀರಾ ಕೆಟ್ಟ ಸಿನಿಮಾ, ಇದೊಂದನ್ನು ಬಿಟ್ಟರೆ ನಿಮ್ಮ ಹೆಸರಿಗೇ ಒಳ್ಳೆಯದಲ್ಲವೇ ಎಂದ.

"ಕೆಟ್ಟದ್ದೇ," ಎಂದರು ಮುದುಕರು. "ನಾನು ಕೆಡಿಸಿದ್ದನ್ನ ಇಲ್ಲದ ಮನುಷ್ಯನ ತಲೆಗೆ ಯಾಕೆ ಕಟ್ಟಲಿ?"

ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ನಾನು ಹೆಸರು ಟೈಪ್ ಮಾಡುವುದನ್ನು ಒಂದೊಂದೇ ಅಕ್ಷರವಾಗಿ ನೋಡಿದರು. ಉಳಿದ ನಾಲ್ಕರಲ್ಲಿ ಎಷ್ಟು ದಪ್ಪವೋ ಇದರಲ್ಲೂ ಅಷ್ಟೇ ದಪ್ಪ ಇರಲಿ ಎಂದರು.