ಅಮ್ಮ ಎತ್ತದ ಫೋನು

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಎಕ್ಸ್‌ಪ್ರೆಸ್ ಎಂದೇ ಕರೆಯುವುದು. ಊಟ, ನಡಿಗೆ, ಸಿಟ್ಟು, ಎಲ್ಲದರಲ್ಲೂ ಅವಸರ. ಅಚ್ಚುಮನೆಗೆ ಪುಟ ಜೋಡಿಸಿಕೊಡುವ ಕೆಲಸ. ಅಲ್ಲಿ ಮೂಲೆಗೆಸೆದಿದ್ದ ಹಳೇ ಕಂಪ್ಯೂಟರನ್ನು ಮನೆಗೆ ತಂದು, ಅದರ ಹಿಂಬದಿಯ ಸೀರಿಯಲ್ ಪೋರ್ಟ್ ಎಂಬ ಕಿಂಡಿಗೆ ಮೋಡೆಮ್ ಸಿಕ್ಕಿಸಿ, ಫೋನ್ ತಂತಿಯ ಮೇಲೆ ಇಂಟರ್ನೆಟ್ ಓಡಿಸಿದ. ಓಡಿತು ಅನ್ನುವುದು ಅವನ ಮಾತು. ನಾನು ನೋಡಿದಾಗಲೆಲ್ಲ ತೆವಳುತ್ತಿತ್ತು.

ಅದೂ ಆಗಾಗ ನಡುವೆಯೇ ನಿಂತುಬಿಡುತ್ತಿತ್ತು. ಹಾಲಿನಲ್ಲಿದ್ದ ಫೋನೂ ಅದೇ ತಂತಿಯದು. ಯಾರಾದರೂ ಎತ್ತಿದರೆ ಸಂಪರ್ಕ ಕೆಡುವುದು ನಿಜ. ಹಾಗಾಗಿ ನಿಂತಾಗಲೆಲ್ಲ ತನ್ನ ಅಮ್ಮನ ಮೇಲೆ ಹರಿಹಾಯುತ್ತಿದ್ದ. ಮರೆತು ಎತ್ತಿಬಿಟ್ಟೆ ಎಂದು ಅವಳು ಒಪ್ಪಿಕೊಳ್ಳುತ್ತಿದ್ದಳು. ಹಾಸಿಗೆ ಹಿಡಿದಿದ್ದ ತನ್ನ ಅಕ್ಕನೊಂದಿಗೆ ದಿನಾ ಫೋನಿನಲ್ಲಿ ಹರಟುವುದೊಂದೇ ಅವಳಿಗಿದ್ದ ಖುಷಿ. ಇನ್ನು ಫೋನಿನ ಹತ್ತಿರವೂ ಸುಳಿಯಕೂಡದು ಎಂದುಬಿಟ್ಟ ಈ ಮಹಾನುಭಾವ. ಹರಟೆ ನಿಂತಿತು. ಅತ್ತಿಂದ ದೊಡ್ಡಮ್ಮ ಮಾಡಿದರೆ ಸದಾ ಎಂಗೇಜ್. ತಂಗಿ ತನ್ನನ್ನು ಮರೆತಳೆಂದು ಆಕೆ ಬಂದವರೆದುರು ಕಣ್ಣೀರು ಹಾಕಿದಳಂತೆ.

ಒಂದು ಬೆಳಿಗ್ಗೆ ಇಂಟರ್ನೆಟ್ಟಿನ ಪುಟಗಳು ಪರದೆಗೆ ಬರುತ್ತಿದ್ದಾಗ ಅಮ್ಮ ಚಾದರ ಮಡಚಲು ಅವನನ್ನು ಕರೆದಳು. ಎರಡು ತುದಿ ಅವಳ ಕೈಯಲ್ಲಿ, ಎರಡು ಇವನ ಕೈಯಲ್ಲಿ. ಪರದೆಯ ಮೇಲೆ ಎಲ್ಲ ನಿಂತಿತು. ಇವನು 'ಥತ್' ಅಂದದ್ದೇ ತಡ, ಅಮ್ಮ ಚಾದರ ಹಿಡಿದುಕೊಂಡೇ ಅಂದಳು:

"ತಪ್ಪಾಯ್ತಪ್ಪ, ಮರೆತು ಎತ್ತಿಬಿಟ್ಟೆ."

ನಾಚಿಕೆಯಿಂದ ಭೂಮಿಗಿಳಿದು ಹೋದೆ ಎಂದು ನನ್ನ ಹತ್ತಿರ ಹೇಳಿಕೊಂಡ. ಆಗಲಾದರೂ ಕೂತು ಹುಡುಕಿದ. ಆ ಹಳೇ ಪೋರ್ಟು ಒಂದು ಸಲಕ್ಕೆ ಒಂದೇ ಅಕ್ಷರ ಹಿಡಿದಿಡಬಲ್ಲದು. ಅದನ್ನು ಒಳಗೆ ದಾಟಿಸುವಷ್ಟರಲ್ಲಿ ಇನ್ನೊಂದು ಬಂದರೆ ಹಿಂದಿನದು ಹಾಳಾಗಿ ಎಲ್ಲ ನಿಂತುಬಿಡುತ್ತದೆ. ಇವನೋ ಮೊದಲ ದಿನವೇ ವೇಗವನ್ನು ಅದು ತಾಳಲಾರದಷ್ಟು ಏರಿಸಿಟ್ಟಿದ್ದ. ಅರ್ಧಕ್ಕಿಳಿಸಿದ. ಪುಟಗಳೆಲ್ಲ ಒಂದೂ ತಡೆಯಿಲ್ಲದೆ ಬಂದವು. ಅದು ಅವನಿಗೆ ಇನ್ನಷ್ಟು ಚುಚ್ಚಿತು.

"ಎತ್ತದೇನೇ ಎತ್ತಿದೆ ಅಂತ ಯಾಕಮ್ಮ ಹೇಳ್ತಿದ್ದೆ?"

"ಒಪ್ಕೊಂಡ್ರೆ ನೀನು ಬೇಗ ಸುಮ್ಮನಾಗ್ತಿದ್ದೆ ಕಣೋ."

ಅವನು ಮೋಡೆಮ್ ಆರಿಸಿ, ದೊಡ್ಡಮ್ಮನ ನಂಬರು ತಾನೇ ಒತ್ತಿ, ರಿಸೀವರನ್ನು ಅಮ್ಮನ ಕೈಗಿಟ್ಟ. ಆಚೆಯಿಂದ ದೊಡ್ಡಮ್ಮನ ಹಲೋ ಕೇಳುತ್ತಿತ್ತು. ಅಮ್ಮ ಅದನ್ನು ಕಿವಿಗೊಯ್ಯದೆ, ಅಂಗೈಯಿಂದ ಮುಚ್ಚಿ, ಮಗನ ಮುಖ ನೋಡಿದಳು.

"ಎಷ್ಟು ಹೊತ್ತು ಮಾತಾಡ್ಲಿ?" ಎಂದು ಕೇಳಿದಳು.