ಅಪ್ಪ ಬೇಯಿಸಿದ ಕಪ್ಪು ಮರಳು

ಹೋದ ಭಾನುವಾರ ಬೆಳಿಗ್ಗೆ ಟಿ. ನರಸೀಪುರದ ಹೊರಗಿರುವ ನಮ್ಮ ಇಟ್ಟಿಗೆ ಗೂಡು ಬಿಚ್ಚಿದಾಗ, ಇಟ್ಟಿಗೆಗಳ ನಡುವೆ ಒಂದು ಮಣ್ಣಿನ ತಟ್ಟೆ ಸಿಕ್ಕಿತು. ಅದರ ತುಂಬ ಕೆಂಪು ಮರಳು. ಗೂಡಿಗೆ ಹೋಗುವಾಗ ಅದು ಕಪ್ಪಗಿತ್ತು. ಒಳಗಿಟ್ಟವರು ನಮ್ಮಪ್ಪ. ಮರಳು ಮಾತ್ರ ನನ್ನ ಅಕ್ಕನ ಗಂಡನದು.

ಭಾವ ನಂಜನಗೂಡಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಟೆಂಪರರಿ. (ಮದುವೆಯಾದಾಗಲೂ ಟೆಂಪರರಿ. ಈಗ ಮಗಳೇ ಶಾಲೆಗೆ ಹೋಗುತ್ತಿದ್ದಾಳೆ.) ಈ ಸಲದ ವಿಜ್ಞಾನ ಪ್ರದರ್ಶನ ನೋಡಿ ಪರ್ಮನೆಂಟ್ ಮಾಡುವ ವಿಷಯ ತೀರ್ಮಾನಿಸುವುದಾಗಿ ಸೆಕ್ರೆಟರಿ ಹೇಳಿದ್ದರು.

ಭಾವ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಕಪಿಲೆಯ ದಡದಲ್ಲಿ ಕೂತು ಕಪ್ಪು ಮರಳು ಆರಿಸಿದರು. ರಟ್ಟಿನ ಮೇಲೆ ಒಂದು ಬೋಳುತಲೆಯ ಚಿತ್ರ. ಅದರ ಮೇಲೆ ಮರಳು. ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಮರಳು ಎದ್ದು ನಿಂತು ಕೂದಲಾಗುತ್ತದೆ. (ಸೆಕ್ರೆಟರಿಯವರದೂ ಬೋಳುತಲೆ. ಬೇರೆ ಏನಾದರೂ ಮಾಡಿ ಎಂದು ಅಕ್ಕ ಹೇಳಿದ್ದಳು.)

ತೊಳೆದ ಮರಳು ಒದ್ದೆಯಾಗಿತ್ತು. ಹಿಂದಿನ ಸಲ ನಮ್ಮ ಮನೆಗೆ ಬಂದಿದ್ದ ಭಾವ, “ಮಾವ, ಎಲ್ಲಾದ್ರೂ ಬಿಸಿ ಇರೋ ಕಡೆ ಇಟ್ಟು ಒಣಗಿಸಿ” ಎಂದು ಕೊಟ್ಟು ಹೋದರು. ಇಟ್ಟಿಗೆ ಸುಡುವವರಿಗೆ ಬಿಸಿ ಇರುವ ಜಾಗ ಬೇರೆ ಯಾವುದಿದೆ?

ಭಾನುವಾರ ಭಾವ ತಟ್ಟೆಗೆ ಅಯಸ್ಕಾಂತ ಹಿಡಿದರು. ಒಂದು ಕಾಳೂ ಅಲುಗಲಿಲ್ಲ.

“ಏನ್ ಮಾವ ಇದು?”

“ಏನಾ? ಈಗ ನೋಡಿ ಅಳಿಯಂದ್ರೇ, ಎಷ್ಟ್ ಹದವಾಗದೆ! ಕರ್ರಗಿತ್ತಲ್ಲ, ಯಾರೋ ಅರ್ಧಂಬರ್ಧ ಬೇಯ್ಸಿ ಕೊಟ್ಟವ್ರೆ ಅನ್ಕಂಡೆ. ಪೂರ್ತಿ ಬೇಯ್ಸ್‌ಬುಟ್ಟೆ.”

ಅಪ್ಪನ ಲೆಕ್ಕ ಇಷ್ಟೇ. ಗಾಳಿ ಸರಿಯಾಗಿ ಆಡದಿದ್ದರೆ ಇಟ್ಟಿಗೆಯ ಹೊಟ್ಟೆ ಕಪ್ಪಗೇ ಉಳಿಯುತ್ತದೆ, ಗಿರಾಕಿ ಮುಟ್ಟುವುದಿಲ್ಲ. ಕೆಂಪಾದರೆ ಬೆಂದಿದೆ ಎಂದರ್ಥ.

ಅಳಿಯನಾದವನು ಮಾವನ ಮೇಲೆ ರೇಗಬಹುದೇ? “ಕ್ಲಾಸಲ್ಲಿ ಮಕ್ಕಳ ಮೇಲೆ ಅಷ್ಟ್ ಕೂಗಾಡ್ತೀರಲ್ಲ, ಈಗ ಕೂಗಿ ನೋಡುವ” ಎಂದಳು ಅಕ್ಕ. ಭಾವ ಕೂಗಲಿಲ್ಲ. ಪಾಠ ಮಾಡಿದರು.

ಪಾಠದ ಸಾರಾಂಶ: ಕಪ್ಪು ಮರಳೆಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ವಸ್ತು. ಅಯಸ್ಕಾಂತಕ್ಕೆ ಅಂಟುತ್ತದೆ. ಮೆಲ್ಲಗೆ ಬಿಸಿ ಮಾಡಿದರೆ ಇನ್ನಷ್ಟು ಆಮ್ಲಜನಕ ಸೇರಿ ಕಂದಾಗುತ್ತದೆ. ಆದರೆ ಒಳಗಿನ ಜೋಡಣೆ ಹೆಚ್ಚು ಕೆಡುವುದಿಲ್ಲ, ಆಗಲೂ ಅಂಟುತ್ತದೆ. ಕ್ಯಾಸೆಟ್ ಟೇಪಿಗೆ ಬಳಿಯುವುದು ಇಂಥದ್ದನ್ನೇ. ಗೂಡಿನ ಬೆಂಕಿಗೆ ಬಿದ್ದರೆ ಮಾತ್ರ ಪರಮಾಣುಗಳು ಜಾಗ ಬದಲಿಸಿ ಬೇರೆಯೇ ಸಾಲಿನಲ್ಲಿ ಕೂರುತ್ತವೆ. ಬಣ್ಣ ಕೆಂಪು. ಅಯಸ್ಕಾಂತದ ಸೆಳೆತ ಇಲ್ಲವೆನ್ನುವಷ್ಟು ಕಡಿಮೆ.

ಅಪ್ಪ ಗಮನವಿಟ್ಟು ಕೇಳಿದರು.

“ಅಂಗಾದ್ರೆ ಬೆಂದದೆ ಅನ್ನಿ.”

ಬುಧವಾರವೇ ಪ್ರದರ್ಶನ. ಭಾವ ಸೋಮವಾರ ಮತ್ತೆ ಹೊಳೆಗೆ ಇಳಿದು ಕಪ್ಪು ಮರಳು ತಂದರು. ಬೋಳುತಲೆಯನ್ನು ಕೈಬಿಟ್ಟರು. ಒಂದು ತಟ್ಟೆಯಲ್ಲಿ ಕಪ್ಪು ಮರಳು, ಪಕ್ಕದಲ್ಲಿ ಬೆಂದ ಮರಳು, ನಡುವೆ ಅಯಸ್ಕಾಂತ. ಒಂದು ಎದ್ದು ಅಂಟಿಕೊಳ್ಳುತ್ತದೆ, ಇನ್ನೊಂದು ಸುಮ್ಮನೆ ಬಿದ್ದಿರುತ್ತದೆ. ಅಪ್ಪನೂ ನಾವೂ ನೋಡಲು ಹೋಗಿದ್ದೆವು. ಮಕ್ಕಳು ಮುಗಿಬಿದ್ದರು.

ಸೆಕ್ರೆಟರಿ ಬಂದರು. ಕೆಂಪು ಮರಳು ನೋಡಿದರು. “ಇದನ್ನ ಇಷ್ಟು ಚೆನ್ನಾಗಿ ಸುಟ್ಟಿದ್ದು ಯಾರು?”

ಭಾವ ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದರು. “ನಾನೇ ಸಾ. ನಮ್ ಗೂಡ್ನಲ್ಲಿ ಒಳ್ಗೂ ಹೊರ್ಗೂ ಒಂದೇ ಕೆಂಪು. ಬೇಕಾದ್ರೆ ಮುರ್ದ್ ನೋಡಿ” ಎಂದು ಕೈಚೀಲದಿಂದ ಒಂದು ಇಟ್ಟಿಗೆ ತೆಗೆದರು. (ಸ್ಯಾಂಪಲ್ ತಂದಿರುವುದು ನಮಗ್ಯಾರಿಗೂ ಗೊತ್ತಿರಲಿಲ್ಲ.)

ಸೆಕ್ರೆಟರಿ ಇಟ್ಟಿಗೆಯನ್ನು ಕೈಯಲ್ಲಿ ತೂಗಿದರು. ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಇಬ್ಬರೂ ಮಾತಾಡುತ್ತ ಹೊರಗೆ ನಡೆದರು. ಭಾವ ಅಯಸ್ಕಾಂತ ಹಿಡಿದುಕೊಂಡು ನಿಂತೇ ಇದ್ದರು.

ಶುಕ್ರವಾರ ಆಡಳಿತ ಮಂಡಳಿಯ ಸಭೆ ನಡೆಯಿತು. ಶಾಲೆಯ ಹೊಸ ಕೊಠಡಿಗಳಿಗೆ ಇಟ್ಟಿಗೆ ಅಪ್ಪನ ಗೂಡಿನಿಂದ ಬರಲಿದೆ. ಭಾವನ ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ.